ಓದುಗರ ಪ್ರಶ್ನೆ: ಜಗತ್ತಿನ ಲೆಕ್ಕ ಯಾವ ಕಡೆ ವಾಲ್ತಿದೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹೊರದೇಶದ ವಿಚಾರದ್ದೇ. ಅದರಲ್ಲೂ ವಾಟ್ಸಾಪಲ್ಲೋ ಟಿವಿ ಚರ್ಚೆಯಲ್ಲೋ ಸಿಕ್ಕಿದ ಒಂದು ನಂಬರ್ ಹಿಡ್ಕೊಂಡು "ಇದು ನಿಜಾನಾ, ನಿಜ ಆದ್ರೆ ಏನರ್ಥ" ಅಂತ ಕೇಳಿರೋರೇ ಜಾಸ್ತಿ, ಹಾಗಾಗಿ ಈ ಕಂತು ಪೂರ್ತಿ ಅಂಕಿಗಳಿಗೇ ಮೀಸಲು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಪ್ರಪಂಚದ ಮಿಲಿಟರಿ ಖರ್ಚು ದಾಖಲೆ ಮಟ್ಟಕ್ಕೆ ಹೋಗಿದೆ ಅಂತ ಓದಿದೆ. ಪ್ರತಿ ವರ್ಷಾನೂ ದಾಖಲೆ ಅಂತಾನೇ ಬರೀತಾರಲ್ಲ ಸಾರ್, ಇದರಲ್ಲಿ ಹೊಸದೇನಿದೆ?

ಉತ್ತರ: ಅನುಮಾನ ಸರಿಯಾಗಿದೆ. ಬೆಲೆ ಏರ್ತಾ ಇರೋ ತನಕ ಯಾವ ಖರ್ಚಾದ್ರೂ ವರ್ಷವರ್ಷ "ದಾಖಲೆ"ನೇ ಆಗುತ್ತೆ, ಅದಕ್ಕೇ ಮೊತ್ತಕ್ಕಿಂತ ಮೊದಲು ಏರಿಕೆ ನೋಡ್ಬೇಕು, ಅದೂ ಹಣದುಬ್ಬರ ಕಳೆದು. ಸ್ಟಾಕ್‌ಹೋಮ್‌ನಲ್ಲಿರೋ ಸಿಪ್ರಿ ಅನ್ನೋ ಸಂಸ್ಥೆ ಈ ಲೆಕ್ಕ ಇಡುತ್ತೆ. ಅವರ ಪ್ರಕಾರ 2024ರಲ್ಲಿ ಎಲ್ಲಾ ದೇಶಗಳದ್ದೂ ಸೇರಿ 2.72 ಲಕ್ಷ ಕೋಟಿ ಡಾಲರ್. ಹಣದುಬ್ಬರ ಕಳೆದ ಮೇಲೂ ಒಂದೇ ವರ್ಷಕ್ಕೆ 9.4% ಏರಿಕೆ, ಶೀತಲ ಸಮರ ಮುಗಿದ ಮೇಲೆ ಒಂದು ವರ್ಷದಲ್ಲಿ ಇಷ್ಟು ಏರಿದ್ದು ಇಲ್ಲ. ಹೊಸದು ಅಂದ್ರೆ ಇದೇ.

ಆದ್ರೆ ಇದನ್ನ ಓದಿ ಎರಡನೇ ಶೀತಲ ಸಮರ ಬಂದೇಬಿಡ್ತು ಅನ್ನೋ ಮುಂಚೆ ಇನ್ನೊಂದು ಲೆಕ್ಕ ಹಾಕಿ, ಜಗತ್ತಿನ ಒಟ್ಟು ಜಿಡಿಪಿಯಲ್ಲಿ ಈ ಖರ್ಚಿನ ಪಾಲು 2.5%, ಶೀತಲ ಸಮರದ ಕಾಲದಲ್ಲಿ ಈ ಪಾಲು ಇದಕ್ಕಿಂತ ಚೆನ್ನಾಗೇ ಜಾಸ್ತಿ ಇತ್ತು. ಅಂದ್ರೆ ದುಡ್ಡು ಹೆಚ್ಚಾಗಿದೆ ನಿಜ, ಜಗತ್ತೂ ಅಷ್ಟೇ ಶ್ರೀಮಂತ ಆಗಿದೆ. ಅಮೆರಿಕ ಒಂದೇ 99,700 ಕೋಟಿ ಡಾಲರ್, ಒಟ್ಟಿನಲ್ಲಿ 37%. ಚೀನಾದ್ದು ಅಂದಾಜು 31,400 ಕೋಟಿ (ಅಂದಾಜು ಅಂತ ಯಾಕಂದ್ರೆ ಚೀನಾ ತಾನೇ ಹೇಳೋ ಬಜೆಟ್ ಇದಕ್ಕಿಂತ ಕಮ್ಮಿ, ಸಿಪ್ರಿಯವರು ಅದಕ್ಕೆ ಬೇರೆ ಬೇರೆ ತಲೆಬರಹದಲ್ಲಿ ಅಡಗಿರೋದನ್ನ ಸೇರಿಸ್ತಾರೆ). ಆಮೇಲೆ ರಷ್ಯಾ, ಜರ್ಮನಿ, ಭಾರತ. ಈ ಐದೇ ದೇಶಗಳು ಸೇರಿ 60%.

ನನ್ನ ಕೇಳಿದ್ರೆ ಈ ಪಟ್ಟಿಯಲ್ಲಿ ನಿಂತು ನೋಡ್ಬೇಕಾದ ಸಾಲು ಅಮೆರಿಕದ್ದೂ ಅಲ್ಲ ಚೀನಾದ್ದೂ ಅಲ್ಲ, ಉಕ್ರೇನ್‌ದು. ಅವರು ಖರ್ಚು ಮಾಡಿದ್ದು 6,470 ಕೋಟಿ ಡಾಲರ್, ರಷ್ಯಾ ಮಾಡಿದ್ದು ಅಂದಾಜು 14,900 ಕೋಟಿ. ಬರೀ ಮೊತ್ತ ನೋಡಿದ್ರೆ ರಷ್ಯಾ ಎರಡು ಪಟ್ಟಿಗಿಂತ ಜಾಸ್ತಿ ಅಷ್ಟೇ. ಆದ್ರೆ ಆ ದೇಶದ ದುಡಿಮೆಗೆ ಹೋಲಿಸಿದ್ರೆ ರಷ್ಯಾಕ್ಕೆ ಇದು ಜಿಡಿಪಿಯ 7.1%, ಉಕ್ರೇನ್‌ಗೆ 34%. ಅಂದ್ರೆ ಮೂರರಲ್ಲಿ ಒಂದು ಪಾಲು ಯುದ್ಧಕ್ಕೆ. ಇದರ ಮೇಲೆ ಹೊರಗಿನ ಸಹಾಯ ನಿಂತ್ರೆ ಏನಾಗುತ್ತೆ ಅಂತ ಬೇರೆ ಬಿಡಿಸಿ ಹೇಳ್ಬೇಕಾಗಿಲ್ಲ.

ಪ್ರಶ್ನೆ: ನೇಟೋ ದೇಶಗಳು 5% ಖರ್ಚು ಮಾಡ್ತೀವಿ ಅಂತ ಒಪ್ಕೊಂಡ್ವಂತೆ, ಸಾಧ್ಯಾನಾ?

ಉತ್ತರ: 2025ರ ಜೂನ್‌ನಲ್ಲಿ ಹೇಗ್‌ನಲ್ಲಿ ಒಪ್ಕೊಂಡಿದ್ದಾರೆ, 2035ರ ಒಳಗೆ ಜಿಡಿಪಿಯ 5% ರಕ್ಷಣೆಗೆ ಅಂತ. ಆದ್ರೆ 5% ಅನ್ನೋದು ಒಂದೇ ಗಂಟಲ್ಲ. 3.5% ನಿಜವಾದ ಸೈನ್ಯಕ್ಕೆ, ಉಳಿದ 1.5% ಸೇತುವೆ, ರಸ್ತೆ, ಬಂದರು, ಸೈಬರ್ ಭದ್ರತೆ ಅಂತ ರಕ್ಷಣೆಗೆ ಹೇಗಾದ್ರೂ ನಂಟು ಹಾಕಬಹುದಾದ ಬಾಬತ್ತುಗಳಿಗೆ. ಟ್ಯಾಂಕ್ ಹೋಗುತ್ತೆ ಅಂತ ಹೇಳಿ ಎಷ್ಟು ಸೇತುವೆ ಆ ಲೆಕ್ಕಕ್ಕೆ ಬೀಳುತ್ತೋ ಕಾದು ನೋಡಿ. ಹಳೇ ಗುರಿ 2% ಇತ್ತಲ್ಲ, ಅದನ್ನ 2014ರಲ್ಲಿ ವೇಲ್ಸ್‌ನಲ್ಲಿ ನಿಗದಿ ಮಾಡಿದಾಗ ಬರೀ ಮೂರು ದೇಶ ಮುಟ್ಟಿದ್ವು, 2024ರಲ್ಲಿ 32ರಲ್ಲಿ 23 ಮುಟ್ಟುತ್ವೆ ಅಂತ ನೇಟೋನೇ ಅಂದಾಜು ಕೊಟ್ಟಿತ್ತು. ಮೂರರಿಂದ ಇಪ್ಪತ್ಮೂರಕ್ಕೆ ಹೋಗಿದ್ದು ಭಾಷಣದಿಂದ ಅಲ್ಲ, ರಷ್ಯಾ ಉಕ್ರೇನ್ ಮೇಲೆ ನುಗ್ಗಿದ 2022ರ ಫೆಬ್ರವರಿಯಿಂದ.

ಪ್ರಶ್ನೆ: ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡೋ ನೆರವು ನಿಲ್ಲಿಸಿಬಿಟ್ಟಿದ್ದಾವಂತೆ?

ಉತ್ತರ: ನಿಲ್ಲಿಸಿಲ್ಲ, ಇಳಿಸಿದ್ದಾವೆ, ಇನ್ನೂ ಇಳಿಸ್ತಿದ್ದಾವೆ. 2024ರಲ್ಲಿ ಸರ್ಕಾರಿ ನೆರವು ಒಟ್ಟು ಸುಮಾರು 21,200 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ 7.1% ಕಮ್ಮಿ, ಸತತ ಐದು ವರ್ಷ ಏರಿ ಆಮೇಲೆ ಮೊದಲ ಸಲ ಇಳಿದಿದ್ದು. ಮೇಲೆ ಹೇಳಿದ ಮಿಲಿಟರಿ ಮೊತ್ತದ ಪಕ್ಕ ಇಟ್ಟು ನೋಡಿ, ನೆರವಿಗೆ ಒಂದು ಡಾಲರ್ ಅಂದ್ರೆ ಸೈನ್ಯಕ್ಕೆ ಹದಿಮೂರು ಡಾಲರ್ ಹತ್ರ ಹತ್ರ.

ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದಲ್ಲಿ 0.7% ಕೊಡ್ಬೇಕು ಅಂತ ವಿಶ್ವಸಂಸ್ಥೆ ಗುರಿ ಇಟ್ಟಿದ್ದು 1970ರಲ್ಲಿ. ಅರ್ಧ ಶತಮಾನ ಕಳೆದು 2024ರಲ್ಲಿ ಸರಾಸರಿ ಎಷ್ಟಿತ್ತು ಗೊತ್ತಾ, 0.33%. ಗುರಿ ಮುಟ್ಟಿದ್ದು ನಾಲ್ಕೇ ದೇಶ, ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್, ಡೆನ್ಮಾರ್ಕ್. ಬ್ರಿಟನ್ 0.5% ಇದ್ದಿದ್ದನ್ನ 2027ರ ಹೊತ್ತಿಗೆ 0.3%ಗೆ ಇಳಿಸ್ತೀವಿ, ಆ ದುಡ್ಡು ರಕ್ಷಣೆಗೆ ಹಾಕ್ತೀವಿ ಅಂತ ಮುಚ್ಚುಮರೆ ಇಲ್ಲದೆ ಹೇಳ್ಬಿಡ್ತು. ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್ಏಡ್ ಅಂತೂ 2025ರ ಜುಲೈ 1ಕ್ಕೆ ಸ್ವತಂತ್ರ ಸಂಸ್ಥೆಯಾಗಿ ಉಳೀಲೇ ಇಲ್ಲ, ಉಳಿದಿದ್ದು ವಿದೇಶಾಂಗ ಇಲಾಖೆ ಒಳಗೆ ಸೇರ್ಕೊಂಡ್ತು. ಒಂದು ಕಡೆ ಇಳಿದಿದ್ದು ಇನ್ನೊಂದು ಕಡೆ ಏರಿದ್ದರ ಜೊತೆ ಇಷ್ಟು ನೇರವಾಗಿ ತಳಕು ಹಾಕ್ಕೊಂಡಿರೋದು ಅಪರೂಪ.

ಆದ್ರೆ ಒಂದು ಮಾತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೊರದೇಶದಲ್ಲಿ ದುಡಿಯೋರು ಮನೆಗೆ ಕಳಿಸಿದ ಹಣ 2024ರಲ್ಲಿ ಸುಮಾರು 68,500 ಕೋಟಿ ಡಾಲರ್ ಅಂತ ವಿಶ್ವಬ್ಯಾಂಕ್ ಅಂದಾಜು. ಎಲ್ಲಾ ಸರ್ಕಾರಗಳ ನೆರವನ್ನ ಒಟ್ಟು ಸೇರಿಸಿದ್ರೂ ಅದರ ಮೂರು ಪಟ್ಟು. ಯಾವ ಶೃಂಗಸಭೆನೂ ಇಲ್ಲ, ಫೋಟೋನೂ ಇಲ್ಲ.

ಪ್ರಶ್ನೆ: ಅಣುಬಾಂಬ್ ಸಂಖ್ಯೆ ಕಮ್ಮಿ ಆಗ್ತಾನೇ ಇದೆ ಅಂತಾರೆ, ಮತ್ತೆ ಯಾಕೆ ಇಷ್ಟು ಹೆದರಿಸ್ತಾರೆ?

ಉತ್ತರ: 1986ರ ಸುಮಾರಿಗೆ ಜಗತ್ತಲ್ಲಿ 70,000 ಸಿಡಿತಲೆ ಇದ್ವು, 2025ರ ಜನವರಿಯಲ್ಲಿ 12,241. ಇಳಿಕೆ ನಿಜ, ದೊಡ್ಡದೇ. ಆದ್ರೆ ಒಳಗೆ ಇಣುಕಿ ನೋಡಿದ್ರೆ, ಈ ಇಳಿಕೆಯಲ್ಲಿ ಬಹುಪಾಲು ಅಮೆರಿಕ ಮತ್ತು ರಷ್ಯಾ ಯಾವಾಗಲೋ ಸೇವೆಯಿಂದ ತೆಗೆದಿಟ್ಟ ಹಳೇ ಸಿಡಿತಲೆಗಳನ್ನ ಬಿಚ್ಚಿ ಹಾಕ್ತಿರೋದು. ಬಳಕೆಗೆ ಸಿಗೋ ದಾಸ್ತಾನು 9,600ರ ಆಸುಪಾಸು, ಅದರಲ್ಲಿ ಸುಮಾರು 2,100 ಕ್ಷಿಪಣಿ ಮೇಲೆ ಕೂತು ನಿಮಿಷಗಳಲ್ಲಿ ಹಾರೋಕೆ ರೆಡಿ ಇರೋವು. ಬಿಚ್ಚೋ ವೇಗ ತಗ್ಗಿದೆ, ಹೊಸದು ಸೇರಿಸೋ ವೇಗ ಏರಿದೆ. ಚೀನಾದ ಹತ್ರ ಆ ಹೊತ್ತಿಗೆ ಸುಮಾರು 600, ಬೇರೆ ಯಾರಿಗಿಂತಲೂ ಬೇಗ ಬೆಳೀತಿರೋದು ಅದೇ. ಭಾರತದ್ದು ಸುಮಾರು 180, ಪಾಕಿಸ್ತಾನದ್ದು 170. ಇಷ್ಟಾದ್ರೂ ಹತ್ತರಲ್ಲಿ ಒಂಬತ್ತು ಇವತ್ತಿಗೂ ಆ ಹಳೇ ಇಬ್ಬರ ಹತ್ರಾನೇ ಇರೋದು.

ಸಂಖ್ಯೆಗಿಂತ ನನಗೆ ಚಿಂತೆ ಅನ್ಸೋದು ಕಾಗದದ್ದು. ಅಮೆರಿಕ ರಷ್ಯಾ ನಡುವೆ ನ್ಯೂ ಸ್ಟಾರ್ಟ್ ಅನ್ನೋ ಒಪ್ಪಂದ ಇತ್ತು, ಇಬ್ಬರೂ ತಲಾ 1,550ಕ್ಕಿಂತ ಜಾಸ್ತಿ ದೂರಗಾಮಿ ಸಿಡಿತಲೆ ನಿಯೋಜಿಸೋ ಹಾಗಿಲ್ಲ, ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ಎಣಿಸಬಹುದು ಅಂತ. ತಪಾಸಣೆ ಕೋವಿಡ್ ಹೊತ್ತಲ್ಲಿ ನಿಂತಿದ್ದು ಮತ್ತೆ ಶುರು ಆಗ್ಲೇ ಇಲ್ಲ, 2023ರ ಫೆಬ್ರವರಿಯಲ್ಲಿ ರಷ್ಯಾ ಒಪ್ಪಂದಾನೇ ಅಮಾನತಲ್ಲಿ ಇಡ್ತು, ಅದರ ಅವಧಿ 2026ರ ಫೆಬ್ರವರಿ 5ರ ತನಕ ಅಷ್ಟೇ ಬರೆದಿದ್ದು. ಎಣಿಸೋಕೆ ಬಿಡದೇ ಇರೋ ಕಡೆ ಊಹೆ ಬೆಳೆಯುತ್ತೆ, ಊಹೆ ಯಾವಾಗಲೂ ಜಾಸ್ತಿ ಕಡೆಗೇ ಬೆಳೆಯೋದು.

ಪ್ರಶ್ನೆ: ವಿಶ್ವಸಂಸ್ಥೆಯಲ್ಲಿ ವೋಟ್ ಹಾಕಿ ಏನು ಪ್ರಯೋಜನ? ಯಾರೂ ಕೇಳಲ್ಲ ತಾನೆ?

ಉತ್ತರ: ಮಹಾಸಭೆಯ ನಿರ್ಣಯಕ್ಕೆ ಕಾನೂನಿನ ಬಲ ಇಲ್ಲ, ಒಪ್ಪಿದೆ. ಆದ್ರೆ ಯಾರು ಯಾರ ಪಕ್ಕ ನಿಂತಿದ್ದಾರೆ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಸಸ್ತಾ ಮಾಪನ ಇನ್ನೊಂದಿಲ್ಲ, ಎರಡು ದಿನಾಂಕ ತಗೊಳ್ಳಿ ಸಾಕು.

2022ರ ಮಾರ್ಚ್ 2. ರಷ್ಯಾ ಉಕ್ರೇನ್ ಬಿಟ್ಟು ಹೋಗ್ಬೇಕು ಅನ್ನೋ ನಿರ್ಣಯ. ಪರ 141, ವಿರುದ್ಧ 5, ತಟಸ್ಥ 35. ವಿರುದ್ಧ ಹಾಕಿದೋರು ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಸಿರಿಯಾ, ಎರಿಟ್ರಿಯಾ. ಬೆರಳೆಣಿಕೆ.

2025ರ ಫೆಬ್ರವರಿ 24. ಯುದ್ಧ ಶುರುವಾಗಿ ಸರಿಯಾಗಿ ಮೂರು ವರ್ಷ, ಉಕ್ರೇನ್ ಮತ್ತು ಯುರೋಪ್ ತಂದ ನಿರ್ಣಯ. ಪರ 93, ವಿರುದ್ಧ 18, ತಟಸ್ಥ 65. ವಿರುದ್ಧದ ಹದಿನೆಂಟರಲ್ಲಿ ರಷ್ಯಾ ಇತ್ತು, ಉತ್ತರ ಕೊರಿಯಾ ಇತ್ತು, ಜೊತೆಗೆ ಅಮೆರಿಕಾನೂ ಇತ್ತು! ಮೂರು ವರ್ಷದ ಹಿಂದೆ ಇದನ್ನ ಯಾರಾದ್ರೂ ಹೇಳಿದ್ರೆ ನಗ್ತಿದ್ವಿ. ಅದೇ ದಿನ ಭದ್ರತಾ ಮಂಡಳಿಯಲ್ಲಿ ಅಮೆರಿಕ ತಂದ ಇನ್ನೊಂದು ಪುಟ್ಟ ನಿರ್ಣಯ, ರಷ್ಯಾದ ಆಕ್ರಮಣ ಅನ್ನೋ ಮಾತೇ ಇಲ್ಲದ್ದು, ಪಾಸಾಯ್ತು, ಹತ್ತು ವೋಟ್ ಪರ, ಬ್ರಿಟನ್ ಫ್ರಾನ್ಸ್ ಸೇರಿ ಐದು ಯುರೋಪ್ ದೇಶಗಳು ತಟಸ್ಥ.

ಜನ 141 ಹೋಗಿ 93 ಆಗಿದ್ದನ್ನೇ ನೋಡ್ತಾರೆ, ನಾನು 35 ಹೋಗಿ 65 ಆಗಿದ್ದನ್ನ ನೋಡಿ ಅಂತೀನಿ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನೋ ದೇಶಗಳ ಸಂಖ್ಯೆ ಮೂರು ವರ್ಷದಲ್ಲಿ ಹೆಚ್ಚುಕಮ್ಮಿ ದುಪ್ಪಟ್ಟು. ಭಾರತ ಎರಡೂ ಸಲ ತಟಸ್ಥಾನೇ. ಹಾಗಂತ ತಟಸ್ಥ ಇರೋದು ಎಲ್ಲರ ಖಾಯಂ ಸ್ವಭಾವ ಅನ್ಕೋಬೇಡಿ, 2023ರ ಡಿಸೆಂಬರ್ 12ಕ್ಕೆ ಗಾಜಾದಲ್ಲಿ ಕದನ ವಿರಾಮ ಬೇಕು ಅನ್ನೋ ನಿರ್ಣಯಕ್ಕೆ 153 ದೇಶ ಪರ ಹಾಕಿದ್ವು, ಭಾರತಾನೂ ಸೇರಿ, ವಿರುದ್ಧ 10, ಅದರಲ್ಲಿ ಅಮೆರಿಕ ಮತ್ತು ಇಸ್ರೇಲ್. ಒಂದೊಂದು ವಿಷಯಕ್ಕೂ ಒಂದೊಂದು ಗುಂಪು, ಖಾಯಂ ಬಣ ಅನ್ನೋದು ಕರಗ್ತಾ ಇದೆ.

ಪ್ರಶ್ನೆ: ನಿರಾಶ್ರಿತರೆಲ್ಲ ಯುರೋಪಿಗೇ ನುಗ್ತಿದ್ದಾರೆ ಅಂತ ವಿಡಿಯೋಗಳು ಬರ್ತಾನೇ ಇರ್ತವೆ. ನಿಜವಾದ ಲೆಕ್ಕ ಏನು?

ಉತ್ತರ: ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಲೆಕ್ಕದ ಪ್ರಕಾರ 2024ರ ಕೊನೆಗೆ ಬಲವಂತವಾಗಿ ಮನೆ ಬಿಟ್ಟೋರು 12.32 ಕೋಟಿ, ಭೂಮಿ ಮೇಲಿರೋ ಪ್ರತಿ 67 ಜನರಲ್ಲಿ ಒಬ್ಬರು. ಈ ನಂಬರ್ ಹಿಡ್ಕೊಂಡೇ ಆ ವಿಡಿಯೋದವರು ಮಾತಾಡೋದು. ಆದ್ರೆ ಇದರಲ್ಲಿ 7.35 ಕೋಟಿ ಜನ ತಮ್ಮ ದೇಶದ ಗಡಿ ದಾಟೇ ಇಲ್ಲ! ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಓಡಿದೋರು. ಗಡಿ ದಾಟಿದವರಲ್ಲೂ ಮೂರರಲ್ಲಿ ಎರಡು ಪಾಲು ಪಕ್ಕದ ದೇಶದಲ್ಲೇ ಇದ್ದಾರೆ, ಸುಮಾರು 73% ಜನರನ್ನ ಸಾಕ್ತಿರೋದು ಬಡ ಮತ್ತು ಮಧ್ಯಮ ಆದಾಯದ ದೇಶಗಳು. ಇರಾನ್, ಟರ್ಕಿ, ಕೊಲಂಬಿಯಾ, ಜರ್ಮನಿ, ಉಗಾಂಡ, ಹೀಗೆ ಬರುತ್ತೆ ಪಟ್ಟಿ. ಜರ್ಮನಿಯಲ್ಲಿ 27 ಲಕ್ಷ, ಉಗಾಂಡದಲ್ಲಿ 18 ಲಕ್ಷ. ಜರ್ಮನಿಯ ತಲಾ ಆದಾಯ 50,000 ಡಾಲರ್‌ಗಿಂತ ಮೇಲೆ, ಉಗಾಂಡದ್ದು ಸಾವಿರದ ಆಸುಪಾಸು. ಯಾರ ಹೆಗಲ ಮೇಲೆ ಭಾರ ಜಾಸ್ತಿ ಅನ್ನೋದನ್ನ ತಲೆ ಎಣಿಸಿ ಹೇಳೋದು ಸರಿನಾ, ಹೆಗಲಿನ ಅಗಲ ನೋಡಿ ಹೇಳೋದು ಸರಿನಾ?

ಅತಿ ದೊಡ್ಡ ಪಾಲು ಸುಡಾನ್‌ದು, 1.43 ಕೋಟಿ ಜನ, ಆ ದೇಶದ ಹೆಚ್ಚುಕಮ್ಮಿ ಮೂರನೇ ಒಂದು ಪಾಲು. 2023ರ ಏಪ್ರಿಲ್‌ನಲ್ಲಿ ಇಬ್ಬರು ಸೇನಾನಾಯಕರ ಅಧಿಕಾರದ ಜಗಳದಿಂದ ಶುರುವಾಗಿದ್ದು. ಟಿವಿಯಲ್ಲಿ ಸುಡಾನ್ ಹೆಸರು ಕೊನೇ ಸಲ ಯಾವಾಗ ಕೇಳಿದ್ರಿ ಹೇಳಿ. ಸುದ್ದಿಯ ಉದ್ದಕ್ಕೂ ಸಂಕಟದ ಗಾತ್ರಕ್ಕೂ ಸಂಬಂಧ ಇಲ್ಲ ಅನ್ನೋಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗಂತೂ ಸಿಕ್ಕಿಲ್ಲ. ಸಿರಿಯಾದಲ್ಲಿ ಮಾತ್ರ ತಿರುಗು ಮುರುಗು, 2024ರ ಡಿಸೆಂಬರ್‌ನಲ್ಲಿ ಅಸಾದ್ ಸರ್ಕಾರ ಬಿದ್ದ ಮೇಲೆ ಹೊರಗಿದ್ದ ಲಕ್ಷಾಂತರ ಜನ ವಾಪಸ್ ಹೋಗ್ತಿದ್ದಾರೆ, ಎಷ್ಟೋ ವರ್ಷದಿಂದ ಏರ್ತಾನೇ ಇದ್ದ ಜಾಗತಿಕ ಸಂಖ್ಯೆ ಸ್ವಲ್ಪ ತಗ್ಗಿದ್ದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಡಾಲರ್ ಕಥೆ ಮುಗೀತಾ?

ಉತ್ತರ: ಇಲ್ಲ. ಆದ್ರೆ ಸವೀತಿದೆ. ಕೇಂದ್ರ ಬ್ಯಾಂಕುಗಳು ಕೂಡಿಟ್ಟಿರೋ ವಿದೇಶಿ ವಿನಿಮಯದಲ್ಲಿ ಡಾಲರ್ ಪಾಲು 1999ರಲ್ಲಿ 71% ಇತ್ತು, 2024ರ ಕೊನೆಗೆ 58%ಗೂ ಸ್ವಲ್ಪ ಕಮ್ಮಿ. ಕಾಲು ಶತಮಾನಕ್ಕೆ ಹದಿಮೂರು ಅಂಶ. ಆ ಜಾಗಕ್ಕೆ ಚೀನಾದ ಯುವಾನ್ ಬಂತಾ ಅಂದ್ರೆ ಅದರ ಪಾಲು 2%ನ ಆಸುಪಾಸಲ್ಲೇ ಇದೆ, ಯೂರೋ 20%. ವಿದೇಶಿ ವಿನಿಮಯ ಮಾರುಕಟ್ಟೆಯಲ್ಲಿ ನಡೆಯೋ ಹತ್ತು ವ್ಯವಹಾರ ತಗೊಂಡ್ರೆ ಸುಮಾರು ಒಂಬತ್ತು ವ್ಯವಹಾರಗಳ ಒಂದು ಬದಿಯಲ್ಲಿ ಈಗಲೂ ಡಾಲರ್ರೇ ಇರುತ್ತೆ. ಇದು ಸಾಯ್ತಿರೋ ನಾಣ್ಯದ ಲಕ್ಷಣ ಅಲ್ಲ.

ನಿಜವಾದ ಬದಲಾವಣೆ ಚಿನ್ನದಲ್ಲಿ. ಉಕ್ರೇನ್ ಯುದ್ಧ ಶುರುವಾದ ಕೂಡಲೇ ಪಾಶ್ಚಾತ್ಯ ದೇಶಗಳು ರಷ್ಯಾದ ಸುಮಾರು 30,000 ಕೋಟಿ ಡಾಲರ್ ಮೌಲ್ಯದ ಮೀಸಲು ಹಣ ಮುಟ್ಟೋ ಹಾಗಿಲ್ಲ ಅಂತ ಬೀಗ ಹಾಕಿದ್ವು. ಆ ವರ್ಷ, ಅದರ ಮುಂದಿನ ವರ್ಷ, ಅದರ ಮುಂದಿನ ವರ್ಷಾನೂ, ಮೂರೂ ವರ್ಷ ಕೇಂದ್ರ ಬ್ಯಾಂಕುಗಳು ತಲಾ 1,000 ಟನ್‌ಗಿಂತ ಜಾಸ್ತಿ ಚಿನ್ನ ಕೊಂಡ್ವು. ಸ್ವಂತ ತಿಜೋರಿಯಲ್ಲಿರೋ ಚಿನ್ನಕ್ಕೆ ಇನ್ನೊಬ್ಬರು ಬೀಗ ಹಾಕೋಕಾಗಲ್ಲ, ಅಷ್ಟೇ ಲಾಜಿಕ್.

ಪ್ರಶ್ನೆ: ಬ್ರಿಕ್ಸ್ ಆರ್ಥಿಕತೆ ಜಿ7 ದಾಟಿ ಆಯ್ತು ಅಂತ ಒಬ್ಬರು, ಇನ್ನೂ ಅರ್ಧಾನೂ ಇಲ್ಲ ಅಂತ ಇನ್ನೊಬ್ಬರು. ಯಾರು ಸುಳ್ಳು ಹೇಳ್ತಿರೋದು?

ಉತ್ತರ: ಮೊದಲನೆಯವರು ಸರಿ, ಎರಡನೆಯವರು ಕೂಡ ಸತ್ಯದಿಂದ ತುಂಬ ದೂರ ಇಲ್ಲ, ಇಬ್ಬರೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗ್ತಿದ್ದಾರೆ ಅಷ್ಟೇ. ದುಡ್ಡಿಗೆ ಆಯಾ ದೇಶದೊಳಗೆ ಎಷ್ಟು ಸಾಮಾನು ಬರುತ್ತೆ ಅನ್ನೋ ಲೆಕ್ಕ, ಅಂದ್ರೆ ಕೊಳ್ಳುವ ಶಕ್ತಿಯ ಲೆಕ್ಕ ಹಿಡಿದ್ರೆ, ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾದ ಗುಂಪಾಗಿದ್ದು ಈಗ ವಿಸ್ತರಣೆ ಆದ ಬ್ರಿಕ್ಸ್ ಜಗತ್ತಿನ ಜಿಡಿಪಿಯಲ್ಲಿ ಸುಮಾರು 40%, ಅಮೆರಿಕ ಜಪಾನ್ ಥರದ ಏಳು ಶ್ರೀಮಂತ ದೇಶಗಳ ಜಿ7 30%ಗಿಂತ ಕಮ್ಮಿ. ಮಾರುಕಟ್ಟೆ ದರದಲ್ಲಿ ಡಾಲರ್‌ಗೆ ಬದಲಾಯಿಸಿ ನೋಡಿದ್ರೆ ಪೂರ್ತಿ ಉಲ್ಟಾ, ಜಿ7 45%ನ ಹತ್ರ, ಬ್ರಿಕ್ಸ್ 30%ಗಿಂತ ಕಮ್ಮಿ.

ಯಾವುದು ಬಳಸ್ಬೇಕು? ಜನ ಹೇಗೆ ಬದುಕ್ತಿದ್ದಾರೆ ಅಂತ ತಿಳ್ಕೊಳ್ಳೋಕೆ ಮೊದಲನೇದು, ಕಚ್ಚಾತೈಲ, ಚಿಪ್, ಯುದ್ಧವಿಮಾನ ಕೊಳ್ಳೋ ತಾಕತ್ತು ತಿಳ್ಕೊಳ್ಳೋಕೆ ಎರಡನೇದು, ಯಾಕಂದ್ರೆ ಅವನ್ನ ಯಾರೂ ನಿಮ್ಮೂರಿನ ರೇಟಿಗೆ ಕೊಡಲ್ಲ. ಇನ್ನೊಂದು ಕಿವಿಮಾತು, ಬ್ರಿಕ್ಸ್ ಬೆಳೀತು ಅನ್ನೋದರಲ್ಲಿ ಒಂದು ಭಾಗ ಹೊಸ ಸದಸ್ಯರನ್ನ ಸೇರಿಸ್ಕೊಂಡಿದ್ದರಿಂದ ಬಂದಿದ್ದು. ಈಜಿಪ್ಟ್, ಇಥಿಯೋಪಿಯ, ಇರಾನ್, ಯುಎಇ 2024ರಲ್ಲಿ, ಇಂಡೋನೇಷ್ಯಾ 2025ರಲ್ಲಿ. ಚೀನಾ, ಭಾರತ ಬೆಳೆದಿದ್ದು ಬೇರೆ ವಿಷಯ. ಎರಡನ್ನೂ ಕಲಸಿ ಒಂದೇ ಗ್ರಾಫ್ ಹಾಕಿದ್ರೆ ನೋಡೋಕೆ ಮಾತ್ರ ಚೆಂದ.

ಪ್ರಶ್ನೆ: ಟ್ರಂಪ್ ಸುಂಕ ಹಾಕಿದ ಮೇಲೆ ಚೀನಾದ ರಫ್ತು ಬಿತ್ತಾ?

ಉತ್ತರ: ಅಮೆರಿಕಕ್ಕೆ ಹೋಗೋದು ಬಿತ್ತು, ಒಟ್ಟು ಬೀಳ್ಲಿಲ್ಲ. 2024ರಲ್ಲಿ ಚೀನಾದ ವ್ಯಾಪಾರ ಮಿಗತೆ (ರಫ್ತಿನಲ್ಲಿ ಆಮದು ಕಳೆದು ಉಳಿಯೋದು) ಸುಮಾರು 99,200 ಕೋಟಿ ಡಾಲರ್, 2025ರ ಮೊದಲ ಹನ್ನೊಂದು ತಿಂಗಳಲ್ಲೇ 1 ಲಕ್ಷ ಕೋಟಿ ದಾಟಿಬಿಡ್ತು. ಮಾಲು ಆಗ್ನೇಯ ಏಷ್ಯಾ, ಆಫ್ರಿಕಾ, ಯುರೋಪ್ ಕಡೆ ತಿರುಗ್ತು. ಒಳಗೆ ಕೊಳ್ಳೋರು ಕಮ್ಮಿ ಇರೋದ್ರಿಂದ ಆಮದು ಮಂಕಾಗಿದೆ, ಅದೂ ಮಿಗತೆ ಉಬ್ಬೋಕೆ ಒಂದು ಕಾರಣ, ಹಾಗಾಗಿ ಮಿಗತೆ ಅಂದ ಕೂಡಲೇ ಬರೀ ಶಕ್ತಿ ಅಂತ ಓದ್ಬೇಡಿ.

ಪ್ರಶ್ನೆ: ಕೆಂಪು ಸಮುದ್ರದ ಹಡಗು ದಾಳಿಯಿಂದ ನಿಜವಾಗಲೂ ಅಷ್ಟೊಂದು ನಷ್ಟ ಆಯ್ತಾ?

ಉತ್ತರ: ಈಜಿಪ್ಟನ್ನ ಕೇಳಿ. ಸೂಯೆಜ್ ಕಾಲುವೆ ಆದಾಯ 2023ರಲ್ಲಿ 1,025 ಕೋಟಿ ಡಾಲರ್, 2024ರಲ್ಲಿ 399 ಕೋಟಿ. ಹಡಗುಗಳ ಸಂಖ್ಯೆ ಅರ್ಧಕ್ಕೆ ಇಳೀತು. ಯೆಮೆನ್‌ನ ಹೂತಿ ಬಂಡುಕೋರರು 2023ರ ನವೆಂಬರ್‌ನಿಂದ ದಾಳಿ ಶುರು ಮಾಡಿದ ಮೇಲೆ ದೊಡ್ಡ ಕಂಪನಿಗಳು ಆಫ್ರಿಕಾದ ತುದಿ ಸುತ್ತಿ ಹೋಗೋಕೆ ಶುರು ಮಾಡಿದ್ವು, ಅದಕ್ಕೆ ಹತ್ತು ಹದಿನಾಲ್ಕು ದಿನ ಜಾಸ್ತಿ. ದೊಡ್ಡ ನೌಕಾಪಡೆ ಇಲ್ಲದ ಒಂದು ಗುಂಪು ಅಗ್ಗದ ಡ್ರೋನ್, ಕ್ಷಿಪಣಿ ಇಟ್ಕೊಂಡು ಜಗತ್ತಿನ ವ್ಯಾಪಾರದಲ್ಲಿ ಸುಮಾರು ಎಂಟನೇ ಒಂದು ಭಾಗ ಹಾದುಹೋಗೋ ದಾರಿಯನ್ನ ಅರ್ಧ ಮುಚ್ಚಿಸ್ತು. ಈಜಿಪ್ಟ್ ಈ ಜಗಳದಲ್ಲಿ ಪಕ್ಷಗಾರನೇ ಅಲ್ಲ, ಬಿಲ್ ಮಾತ್ರ ಅದಕ್ಕೆ ಬಂತು.

ಪ್ರಶ್ನೆ: ಜನಸಂಖ್ಯೆ ಸ್ಫೋಟ ಅಂತ ಚಿಕ್ಕವರಿದ್ದಾಗ ಓದಿದ್ವಿ, ಈಗ ಜನ ಕಮ್ಮಿ ಆಗ್ತಿದ್ದಾರೆ ಅಂತ ಅಳ್ತಿದ್ದಾರೆ. ಏನಿದು?

ಉತ್ತರ: ಎರಡೂ ಒಟ್ಟಿಗೇ ನಡೀತಿದೆ. 2022ರ ನವೆಂಬರ್‌ನಲ್ಲಿ 800 ಕೋಟಿ ಮುಟ್ಟಿದ್ವಿ, 2080ರ ದಶಕದ ನಡುವೆ ಸುಮಾರು 1,030 ಕೋಟಿಗೆ ಹೋಗಿ ಅಲ್ಲಿಂದ ಇಳಿಯುತ್ತೆ ಅಂತ ವಿಶ್ವಸಂಸ್ಥೆಯ ಅಂದಾಜು. ಚೀನಾ, ಜಪಾನ್, ಜರ್ಮನಿ, ರಷ್ಯಾ ಸೇರಿ 63 ದೇಶಗಳು ಆಗಲೇ ತುದಿ ಮುಟ್ಟಿ ಇಳೀತಿದ್ದಾವೆ. ಅರ್ಧಕ್ಕಿಂತ ಜಾಸ್ತಿ ದೇಶಗಳಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಿಲ್ಲ, ಅಷ್ಟಿದ್ರೆ ಮಾತ್ರ ತಲೆಮಾರಿಗೆ ತಲೆಮಾರು ಸರಿಹೋಗೋದು.

ದಕ್ಷಿಣ ಕೊರಿಯಾದ 2023ರ ದರ 0.72. ದಶಮಾಂಶದಲ್ಲಿ ನೋಡಿದ್ರೆ ಏನೂ ಅನ್ಸಲ್ಲ, ಹಾಗಾಗಿ ಬಿಡಿಸಿ ಇಡ್ತೀನಿ. ನೂರು ಗಂಡಸು ನೂರು ಹೆಂಗಸು, ಒಟ್ಟು 200 ಜನ ಅನ್ಕೊಳ್ಳಿ. ಅವರಿಗೆ 72 ಮಕ್ಕಳು. ಆ 72ರಲ್ಲಿ ಹೆಣ್ಣು 36, ದರ ಹಾಗೇ ಉಳಿದ್ರೆ ಅವರಿಗೆ 26 ಮಕ್ಕಳು. ಇನ್ನೂರು ಅಜ್ಜ ಅಜ್ಜಿಯರಿಗೆ ಇಪ್ಪತ್ತಾರು ಮೊಮ್ಮಕ್ಕಳು! 2024ರಲ್ಲಿ ದರ 0.75ಕ್ಕೆ ಏರ್ತು, ಒಂಬತ್ತು ವರ್ಷದಲ್ಲಿ ಮೊದಲ ಏರಿಕೆ, ಅದಕ್ಕೇ ಅಲ್ಲಿ ದೊಡ್ಡ ಸುದ್ದಿ ಆಯ್ತು. ಚೀನಾದಲ್ಲಿ 2016ರಲ್ಲಿ 1.7 ಕೋಟಿಗೂ ಜಾಸ್ತಿ ಮಕ್ಕಳು ಹುಟ್ಟಿದ್ವು, 2023ರಲ್ಲಿ 90 ಲಕ್ಷ. ಏಳೇ ವರ್ಷದಲ್ಲಿ ಅರ್ಧ. ಒಂದೇ ಮಗು ಅನ್ನೋ ಕಾನೂನು ತೆಗೆದ ಮೇಲೆ ಆಗಿದ್ದು ಇದು, ಅದನ್ನ ಮರೀಬೇಡಿ.

ಇನ್ನೊಂದು ತುದಿಯಲ್ಲಿ ಆಫ್ರಿಕಾ, ಅಲ್ಲಿನ ಅರ್ಧ ಜನ ಇಪ್ಪತ್ತಕ್ಕಿಂತ ಚಿಕ್ಕವರು. ಜಪಾನಲ್ಲಿ ಆ ನಡುವಿನ ವಯಸ್ಸು 49ರ ಹತ್ರ. ಕೆಲಸ ಮಾಡೋ ಕೈ ಒಂದು ಕಡೆ, ಕೆಲಸ ಮಾಡಿಸ್ಕೊಳ್ಳೋ ದುಡ್ಡು ಇನ್ನೊಂದು ಕಡೆ, ನಡುವೆ ವೀಸಾ ಕೌಂಟರ್. ಮುಂದಿನ ಮೂವತ್ತು ವರ್ಷದ ರಾಜಕೀಯ ಆ ಕೌಂಟರ್ ಮುಂದೇನೇ ನಡಿಯೋದು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಜಗತ್ತಿನ 72% ಜನ ಸರ್ವಾಧಿಕಾರದಲ್ಲಿ ಬದುಕ್ತಿದ್ದಾರಂತೆ, ನಂಬೋದಾ?

ಉತ್ತರ: ಸ್ವೀಡನ್‌ನ ವಿ-ಡೆಮ್ ಸಂಸ್ಥೆಯ 2025ರ ವರದಿಯ ಅಂಕಿ ಇದು. ಜೊತೆಗೆ ಇನ್ನೊಂದೂ ಇದೆ, ಪ್ರಜಾಪ್ರಭುತ್ವಗಳು 88, ಅಲ್ಲದವು 91, ಎರಡು ದಶಕದಲ್ಲಿ ಮೊದಲ ಸಲ ಎರಡನೇ ಗುಂಪು ಮುಂದೆ. ದೇಶ ಎಣಿಸಿದ್ರೆ ಅರ್ಧ ಅರ್ಧ, ಜನ ಎಣಿಸಿದ್ರೆ 72%. ಯಾಕೆ ಅಂದ್ರೆ ಅವರು ಭಾರತವನ್ನ "ಚುನಾವಣೆ ಇರುವ ನಿರಂಕುಶ ಆಡಳಿತ" ಅನ್ನೋ ಕಂಪಾರ್ಟ್‌ಮೆಂಟಿಗೆ ಹಾಕಿದ್ದಾರೆ. ಭಾರತ ಸರ್ಕಾರ ಈ ವರ್ಗೀಕರಣ ಒಪ್ಪಿಲ್ಲ. ಅದು ಸರಿನಾ ತಪ್ಪಾ ಅನ್ನೋ ವಾದ ಬೇರೆ, ಆದ್ರೆ ಭಾರತ ಒಂದನ್ನೇ ಆ ಕಡೆಯಿಂದ ಈ ಕಡೆಗೆ ಇಟ್ರೆ 72 ಇದ್ದಿದ್ದು 54ಕ್ಕೆ ಬರುತ್ತೆ. ತಜ್ಞರ ಅಭಿಪ್ರಾಯಕ್ಕೆ ಅಂಕ ಕೊಟ್ಟು ಮಾಡೋ ಸೂಚ್ಯಂಕ ಇದು, ಥರ್ಮಾಮೀಟರ್ ಅಲ್ಲ. ದಿಕ್ಕು ತಿಳ್ಕೊಳ್ಳೋಕೆ ಬಳಸಿ, ದಶಮಾಂಶಕ್ಕೆ ಜಗಳ ಆಡ್ಬೇಡಿ.

ಪ್ರಶ್ನೆ: 2025ರಲ್ಲಿ ಬಡವರ ಸಂಖ್ಯೆ ಒಂದೇ ಸಲ ಏರಿದ್ದು ಯಾಕೆ?

ಉತ್ತರ: ಜನ ಬಡವರಾಗ್ಲಿಲ್ಲ, ಗೆರೆ ಮೇಲಕ್ಕೆ ಹೋಯ್ತು. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನ ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸ್ತು, ಬೆಲೆಗಳ ಹೊಸ ಸಮೀಕ್ಷೆ ಬಂತು ಅಂತ. ಅದರಿಂದ 2022ರ ಲೆಕ್ಕಕ್ಕೇ 12.5 ಕೋಟಿ ಜನ ಹೊಸದಾಗಿ ಸೇರಿದ್ರು, 71.3 ಕೋಟಿ ಇದ್ದಿದ್ದು 83.8 ಕೋಟಿ. ಹಳೇ ವರದಿಯ ಅಂಕಿ ಒಂದು ಕೈಯಲ್ಲಿ, ಹೊಸ ವರದಿದು ಇನ್ನೊಂದು ಕೈಯಲ್ಲಿ ಹಿಡ್ಕೊಂಡು ಬಡತನ ಜಾಸ್ತಿ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ಅವರ ಎರಡೂ ಕೈ ನೋಡಿ.

ಪ್ರಶ್ನೆ: ಒಂದಾದ್ರೂ ಒಳ್ಳೆ ನಂಬರ್ ಹೇಳಿ ಸಾರ್, ಬರೀ ಬಾಂಬು ಸಾಲ ಅಂತ ಸಾಕಾಯ್ತು.

ಉತ್ತರ: ಐದು ವರ್ಷ ತುಂಬೋ ಮುಂಚೆ ಸಾಯೋ ಮಕ್ಕಳು. 1990ರಲ್ಲಿ ವರ್ಷಕ್ಕೆ 1.28 ಕೋಟಿ, 2023ರಲ್ಲಿ 48 ಲಕ್ಷ. ಲಸಿಕೆ, ಓಆರ್‌ಎಸ್ ಪುಡಿ, ಸೊಳ್ಳೆ ಪರದೆ, ಹೆರಿಗೆಗೆ ತರಬೇತಿ ಇರೋ ದಾದಿ, ಇವೇ ಕಾರಣ, ಯಾವುದೂ ರಾಕೆಟ್ ವಿಜ್ಞಾನ ಅಲ್ಲ. (ಸಾಲದ ಬಗ್ಗೆ ನಾನಿನ್ನೂ ಮಾತೇ ಎತ್ತಿರಲಿಲ್ಲ, ನೀವೇ ನೆನಪಿಸಿದ್ರಿ. 340 ಕೋಟಿ ಜನ ಇರೋ ದೇಶಗಳಲ್ಲಿ ಸರ್ಕಾರಗಳು ಆರೋಗ್ಯಕ್ಕೋ ಶಿಕ್ಷಣಕ್ಕೋ ಹಾಕೋದಕ್ಕಿಂತ ಸಾಲದ ಬಡ್ಡಿಗೇ ಜಾಸ್ತಿ ಕಟ್ತಿದ್ದಾವೆ. ಅಮೆರಿಕಾನೂ 2024ರಲ್ಲಿ ರಕ್ಷಣೆಗಿಂತ ಬಡ್ಡಿಗೇ ಜಾಸ್ತಿ ಕಟ್ಟಿದೆ.)

ಪ್ರಶ್ನೆ: ಇಷ್ಟೆಲ್ಲ ಅಂಕಿ ಯಾರು ಎಣಿಸ್ತಾರೆ? ನಂಬೋದು ಹೇಗೆ?

ಉತ್ತರ: ಈ ಪ್ರಶ್ನೆ ಮೊದಲೇ ಬಂದಿದ್ರೆ ಚೆನ್ನಾಗಿತ್ತು. ಸೈನ್ಯದ್ದು, ಬಾಂಬಿಂದು ಹೊರಗಿನ ಸಂಶೋಧಕರ ಅಂದಾಜು. ನಿರಾಶ್ರಿತರದ್ದು ಏಜೆನ್ಸಿ ಮತ್ತು ಸರ್ಕಾರಗಳ ನೋಂದಣಿ. ಮಕ್ಕಳ ಸಾವಿನದು ಇದ್ಯಲ್ಲ, ಅದು ಸ್ವಲ್ಪ ಬೇರೆ. ಜನನ ಮರಣ ಸರಿಯಾಗಿ ನೋಂದಣಿ ಆಗದ ದೇಶಗಳಲ್ಲಿ ಮನೆಮನೆಗೆ ಹೋಗಿ ತಾಯಂದಿರನ್ನ ಕೇಳಿನೇ ತಿಳ್ಕೋಬೇಕು. 1984ರಿಂದ ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಈ ಥರ ಸಮೀಕ್ಷೆ ನಡೆಸಿದ್ದ ಡಿಎಚ್‌ಎಸ್ ಅನ್ನೋ ಕಾರ್ಯಕ್ರಮಕ್ಕೆ ಮುಖ್ಯವಾಗಿ ದುಡ್ಡು ಕೊಡ್ತಿದ್ದಿದ್ದು ಯುಎಸ್ಏಡ್. 2025ರ ಫೆಬ್ರವರಿಯಲ್ಲಿ ಆ ದುಡ್ಡು ನಿಂತ್ಹೋಯ್ತು. ಆಮೇಲೆ ಬೇರೆ ದಾನಿಗಳು ಸ್ವಲ್ಪ ಭಾಗಕ್ಕೆ ಕೈ ಹಾಕಿದ್ರು, ಆದ್ರೆ ನಡುವಲ್ಲಿ ನಿಂತ ಸಮೀಕ್ಷೆಗಳು ನಿಂತಿದ್ದೇ.

ನಂಬರ್ ಇಷ್ಟ ಆಗದಿದ್ದಾಗ ಏನ್ಮಾಡ್ತಾರೆ ಅನ್ನೋದಕ್ಕೂ ಎರಡು ಉದಾಹರಣೆ ಇದೆ. ಚೀನಾದಲ್ಲಿ ಪಟ್ಟಣದ ಯುವಕರ ನಿರುದ್ಯೋಗ 2023ರ ಜೂನ್‌ನಲ್ಲಿ 21.3% ಮುಟ್ತು, ಆಗಸ್ಟ್‌ನಲ್ಲಿ ಆ ಅಂಕಿ ಪ್ರಕಟ ಮಾಡೋದೇ ನಿಲ್ಲಿಸಿದ್ರು, 2024ರ ಜನವರಿಯಲ್ಲಿ ಓದ್ತಿರೋರನ್ನ ಬಿಟ್ಟು ಹೊಸ ಲೆಕ್ಕ ತಂದ್ರು, 14.9% ಆಯ್ತು. ಅಮೆರಿಕದಲ್ಲಿ 2025ರ ಆಗಸ್ಟ್ 1ಕ್ಕೆ ಉದ್ಯೋಗದ ಅಂಕಿ ಸಪ್ಪೆ ಬಂತು, ಹಿಂದಿನ ಎರಡು ತಿಂಗಳದ್ದನ್ನೂ ಕೆಳಕ್ಕೆ ತಿದ್ದಿದ್ರು, ಅವತ್ತೇ ಆ ಅಂಕಿಅಂಶ ಬ್ಯೂರೋ ಮುಖ್ಯಸ್ಥರನ್ನ ಅಧ್ಯಕ್ಷರು ಕೆಲಸದಿಂದ ತೆಗೆದ್ರು. ಹಾಗಾಗಿ ನೀವು ಕೇಳಿದ್ದಕ್ಕೆ ನೇರ ಉತ್ತರ, ನಂಬರ್ ಬಂದಾಗ ಅದನ್ನ ಎಣಿಸಿದವರು ಮುಂದಿನ ತಿಂಗಳೂ ಅದೇ ಕುರ್ಚಿಯಲ್ಲಿ, ಅದೇ ವಿಧಾನದಲ್ಲಿ ಎಣಿಸ್ತಿದ್ದಾರಾ ಅಂತ ಒಂದ್ಸಲ ನೋಡ್ಕೊಳ್ಳಿ. ತೈವಾನ್ ಚಿಪ್ ಬಗ್ಗೆ, ವಿರಳ ಲೋಹಗಳ ಬಗ್ಗೆ ಕೇಳಿರೋರು ಮುಂದಿನ ಕಂತಿನ ತನಕ ಕಾಯ್ಬೇಕು, ಜಾಗ ಮುಗೀತು.